ರಸ್ಕ್ ಓವನ್‌ನ ತಂತಿ ಬೆಲ್ಟ್ ಎಡಕ್ಕೇ ಎಳೆಯುತ್ತಿದೆ, ಹೊಸದೇ ಹಾಕಿಸಬೇಕಾ?

ಪ್ರಶ್ನೆ

ನಮ್ಮದು ತುಮಕೂರಿನ ಹತ್ತಿರ ಚಿಕ್ಕ ರಸ್ಕ್ ಯೂನಿಟ್. ಟನಲ್ ಓವನ್ 18 ಮೀಟರ್ ಉದ್ದ. ಒಳಗೆ ಓಡುವುದು 1 ಮೀಟರ್ ಅಗಲದ ತಂತಿ ಹೆಣಿಗೆ ಬೆಲ್ಟ್, 304 ಜಾತಿಯ ಸ್ಟೇನ್‌ಲೆಸ್ ಸ್ಟೀಲ್. ಮೂರು ವರ್ಷ ತಕರಾರಿಲ್ಲದೆ ಓಡಿತು. ಎರಡು ತಿಂಗಳಿಂದ ಎಡಕ್ಕೇ ಎಳೆಯುತ್ತಿದೆ. ಫ್ರೇಮಿಗೆ ಉಜ್ಜಿ ಅಂಚಿನ ತಂತಿ ಸವೆದಿದೆ, ಕೆಲವು ಕಡೆ ತುಂಡಾಗಿದೆ. ಹುಡುಗರು ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತಲೇ ಇದ್ದಾರೆ, ಪ್ರಯೋಜನ ಇಲ್ಲ. ಮಾರಿದವರನ್ನು ಕೇಳಿದರೆ ಪೂರ್ತಿ ಹೊಸದು ಹಾಕಿಸಿ ಅನ್ನುತ್ತಾರೆ. ಈಗ ಅಷ್ಟು ದುಡ್ಡು ಹೊಂದಿಸುವುದು ಕಷ್ಟ. ಯಾರಿಗಾದರೂ ಹೀಗೆ ಆಗಿತ್ತಾ?

ಬಿಸ್ಕತ್ ಕಾರ್ಖಾನೆಯ ಮೇಂಟೆನೆನ್ಸ್‌ನವರು

ಮೊದಲು ಆ ಸ್ಪ್ಯಾನರ್ ಹುಡುಗರ ಕೈಯಿಂದ ಕಿತ್ತುಕೊಳ್ಳಿ. ರಬ್ಬರ್ ಬೆಲ್ಟ್ ಮೇಲೆ ಕೈ ಪಳಗಿದವರಿಗೆ ಏನೇ ಆದರೂ ಬಿಗಿ ಮಾಡುವ ಚಟ. ತಂತಿ ಬೆಲ್ಟಿಗೆ ಅದು ವಿಷ. ಬೆಲ್ಟ್ ಎಳೆಯುವ ಡ್ರಮ್ ಮೇಲೆ ಜಾರದಷ್ಟು ಬಿಗಿ ಇದ್ದರೆ ಸಾಕು.

ಲೆಕ್ಕ ನೋಡಿ. 304 ಸ್ಟೀಲ್ 100 ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 1.7 ಮಿಲಿಮೀಟರ್ ಹಿಗ್ಗುತ್ತದೆ. ನಿಮ್ಮ 18 ಮೀಟರ್ 200 ಡಿಗ್ರಿ ಏರಿದರೆ 6 ಸೆಂಟಿಮೀಟರ್ ಆಯಿತು. ಬಿಸಿಯಲ್ಲಿ ಜೋಲು ಬಿತ್ತು ಅಂತ ಸ್ಕ್ರೂ ಬಿಗಿ ಮಾಡುತ್ತೀರಿ. ರಾತ್ರಿ ಓವನ್ ಆರಿದಾಗ ಆ 6 ಸೆಂಟಿಮೀಟರ್ ಕುಗ್ಗಬೇಕು. ಕುಗ್ಗಲು ಜಾಗ ಎಲ್ಲಿದೆ? ಬೇರಿಂಗ್, ಶಾಫ್ಟ್, ಬೆಲ್ಟಿನ ಸುರುಳಿಗಳನ್ನು ಜೋಡಿಸುವ ಅಡ್ಡ ಕಡ್ಡಿ ಎಲ್ಲಕ್ಕೂ ಜಗ್ಗಾಟ. ಅದಕ್ಕೇ ಓವನ್‌ಗೆ ತೂಕ ಕಟ್ಟಿದ ಟೇಕಪ್, ಅಂದರೆ ಜೋಲನ್ನು ತಾನೇ ಎಳೆದುಕೊಳ್ಳುವ ಏರ್ಪಾಡು, ಒಳ್ಳೆಯದು. ಬೆಲ್ಟ್ ಹಿಗ್ಗಿದರೆ ತೂಕ ಕೆಳಗಿಳಿಯುತ್ತದೆ, ಕುಗ್ಗಿದರೆ ಮೇಲೇರುತ್ತದೆ. ಯಾರೂ ಸ್ಪ್ಯಾನರ್ ಹಿಡಿಯಬೇಕಿಲ್ಲ.

ಇನ್ನು ಎಡಕ್ಕೆ ಎಳೆಯುವ ವಿಷಯ. ತಪ್ಪು ಬೆಲ್ಟಿನದೋ ಫ್ರೇಮಿನದೋ ಅಂತ ಮೊದಲು ಗೊತ್ತಾಗಬೇಕು. ಓವನ್ ತಣ್ಣಗಿದ್ದಾಗ, ಖಾಲಿ ಬೆಲ್ಟ್ ಮೇಲೆ ಸೀಮೆಸುಣ್ಣದಲ್ಲಿ ಮೀಟರಿಗೊಂದು ಗುರುತು ಹಾಕಿ, ನಂಬರ್ ಬರೆಯಿರಿ. ಎರಡು ಮೂರು ಸುತ್ತು ಓಡಿಸಿ. ಒಂದೇ ನಂಬರಿನ ಭಾಗ ಹೋದ ಕಡೆಯಲ್ಲೆಲ್ಲ ಪಕ್ಕಕ್ಕೆ ಸರಿದರೆ ಬೆಲ್ಟಿನದೇ ತಪ್ಪು. ಆ ತುಂಡು ಸೊಟ್ಟಗಿದೆ. ಎಲ್ಲ ನಂಬರೂ ಒಂದೇ ಜಾಗಕ್ಕೆ ಬಂದಾಗ ಸರಿದರೆ ಬೆಲ್ಟಿಗೆ ಬೈಯಬೇಡಿ, ಆ ಜಾಗದ ರೋಲರ್ ನೋಡಿ. ಬೆಲ್ಟ್ ರೋಲರಿನ ಯಾವ ತುದಿಯನ್ನು ಮೊದಲು ಮುಟ್ಟುತ್ತದೋ ಆ ಕಡೆಗೇ ವಾಲುತ್ತದೆ. ಒಂದು ಬೇರಿಂಗ್ ಸ್ವಲ್ಪ ಹಿಂದೆ ಮುಂದೆ ಆದರೂ ಸಾಕು.

ನನ್ನ ಅನುಭವದಲ್ಲಿ ಹೆಚ್ಚಿನ ಸಲ ರೋಲರೇ ಕಳ್ಳ.

ಮೆಷಿನ್ ಫ್ಯಾಬ್ರಿಕೇಶನ್ ಮಾಡುವವರು

ಎರಡೂ ಕಡೆ ದಪ್ಪ ಗೈಡ್ ಪ್ಲೇಟ್ ವೆಲ್ಡ್ ಮಾಡಿಸಿ ಸಾರ್. ಎಲ್ಲಿಗೆ ಹೋಗುತ್ತದೆ ನೋಡೋಣ.

ಬಿಸ್ಕತ್ ಕಾರ್ಖಾನೆಯ ಮೇಂಟೆನೆನ್ಸ್‌ನವರು

ದಯವಿಟ್ಟು ಬೇಡ. ಈಗ ಫ್ರೇಮಿಗೆ ಉಜ್ಜುತ್ತಿದೆ, ಆಮೇಲೆ ಪ್ಲೇಟಿಗೆ ಉಜ್ಜುತ್ತದೆ, ಅಷ್ಟೇ. ನಡುವೆ ಉಬ್ಬಿದ ಡ್ರಮ್ ಹಾಕಿಸಿ ಅನ್ನುವವರೂ ಸಿಗುತ್ತಾರೆ. ಅದು ಬಟ್ಟೆ, ರಬ್ಬರ್ ಬೆಲ್ಟಿನ ಉಪಾಯ. ಅಡ್ಡ ಕಡ್ಡಿ ಇರುವ ಬೆಲ್ಟ್ ಅಗಲಕ್ಕೆ ಬಾಗುವುದಿಲ್ಲ, ಅದಕ್ಕೆ ಮಟ್ಟಸ ಡ್ರಮ್ಮೇ ಬೇಕು.

ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶಾಪ್‌ನಿಂದ

ನಮ್ಮದು ಬೇರೆ ಲೋಕ. ಬೋಲ್ಟ್, ಸ್ಕ್ರೂ ಕಾಯಿಸಿ ಗಟ್ಟಿ ಮಾಡುವ ಹಾರ್ಡನಿಂಗ್ ಕೆಲಸ. ಬೆಲ್ಟ್ ಓಡುವುದು 850 ಡಿಗ್ರಿ ದಾಟಿದ ಕುಲುಮೆಯಲ್ಲಿ. ಆದರೂ ಹೆಣಿಗೆಯ ಗುಣ ಒಂದೇ. ಬೆಲ್ಟನ್ನು ಹತ್ತಿರದಿಂದ ನೋಡಿ. ಒಂದು ಸುರುಳಿ ಎಡಗೈ ಸುತ್ತು, ಪಕ್ಕದ್ದು ಬಲಗೈ ಸುತ್ತು, ನಡುವೆ ಅಂಕುಡೊಂಕು ಮಾಡಿದ ಕಡ್ಡಿ ಇರಬೇಕು. ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ಎಲ್ಲ ಸುರುಳಿಯೂ ಒಂದೇ ಕಡೆ ಸುತ್ತಿದ್ದರೆ ಅದು ಅಗ್ಗದ ಹೆಣಿಗೆ. ಅಂಥ ಬೆಲ್ಟ್ ಹುಟ್ಟಿನಿಂದಲೇ ಒಂದು ಕಡೆ ಎಳೆಯುತ್ತದೆ. ನಿಮ್ಮದು ಮೂರು ವರ್ಷ ನೆಟ್ಟಗಿತ್ತು ಅಂದರೆ ಆ ಸಮಸ್ಯೆ ಇರಲಾರದು.

ನಮ್ಮಲ್ಲಿ ಕೆಲವು ತಿಂಗಳಿಗೊಮ್ಮೆ ಬೆಲ್ಟಿನ ದಿಕ್ಕು ತಿರುಗಿಸುತ್ತೇವೆ. ಒಂದೇ ದಿಕ್ಕಿಗೆ ಓಡಿದರೆ ಕಡ್ಡಿಗಳು ಬಿಲ್ಲಿನ ಹಾಗೆ ಬಾಗುತ್ತವೆ. ಉದ್ದ ಬೆಳೆದರೆ ಕೆಲವು ಸುರುಳಿ ಬಿಚ್ಚಿ ತೆಗೆಯುತ್ತೇವೆ. ಬೆಳೆಯುವುದು ತಪ್ಪಲ್ಲ, ತಂತಿಗೆ ತಂತಿ ತಗುಲುವ ಮೊಣಕೈ ಸವೆದು ಕೂರುತ್ತದೆ.

ಒಂದು ಎಚ್ಚರಿಕೆ. ಹೊಸದು ಕೊಳ್ಳುವುದಾದರೆ ಯಾರಾದರೂ 310 ಸ್ಟೀಲ್ ಹೇಳಿ ತಲೆ ಕೆಡಿಸಬಹುದು. ನೂರಕ್ಕೆ 25 ಭಾಗ ಕ್ರೋಮಿಯಂ, 20 ಭಾಗ ನಿಕಲ್ ಇರುವ ಆ ಜಾತಿ ನಮ್ಮ ಕುಲುಮೆಗೆ. ರಸ್ಕ್ ಬೇಯಿಸಲು 304 ಜಾಸ್ತಿಯೇ ಆಯಿತು. ಎಷ್ಟೋ ಬಿಸ್ಕತ್ ಓವನ್‌ಗಳಲ್ಲಿ ಬರೀ ಕಾರ್ಬನ್ ಸ್ಟೀಲ್ ಬೆಲ್ಟೇ ಓಡುತ್ತದೆ. ಅದಕ್ಕೆ ತುಕ್ಕಿನ ಕಾಟ, ಮಳೆಗಾಲದಲ್ಲಿ ರಜೆ ಕೊಟ್ಟರೆ ಎಣ್ಣೆ ಸವರಿಯೇ ಹೋಗಬೇಕು.

ಕಾರ್ಕಳ ಕಡೆಯ ಗೋಡಂಬಿ ಘಟಕದಿಂದ

ಎಲ್ಲರೂ ಬೆಲ್ಟ್ ಉಳಿಸುವ ಮಾತು ಆಡುತ್ತಿದ್ದೀರಿ. ತುಂಡಾದ ತಂತಿ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ! ನಮಗೆ ಒಮ್ಮೆ ಹುರಿದ ಬೀಜದ ಲಾಟಿನಲ್ಲಿ ಅರ್ಧ ಇಂಚಿನ ತಂತಿ ಸಿಕ್ಕಿತು. ಸಿಕ್ಕಿದ್ದು ಪ್ಯಾಕಿಂಗ್ ಹೆಂಗಸಿನ ಕಣ್ಣಿಗೆ. ಅಲ್ಲಿದ್ದ ಅಯಸ್ಕಾಂತದ ಕೈಗೆ ಅದು ಸಿಕ್ಕಿರಲಿಲ್ಲ. ಆ ಲಾಟ್ ಪೂರ್ತಿ ಪಕ್ಕಕ್ಕಿಟ್ಟೆವು, ಈಗ ನೆನೆಸಿಕೊಂಡರೂ ಬೆವರು.

304 ಅನ್ನು ಅಯಸ್ಕಾಂತ ನೆಚ್ಚಿಕೊಳ್ಳುವ ಹಾಗೆ ಹಿಡಿಯುವುದಿಲ್ಲ. ಪ್ಯಾಕಿಂಗ್‌ಗೆ ಮೊದಲು ಮೆಟಲ್ ಡಿಟೆಕ್ಟರ್ ಬೇಕು. ಅದನ್ನೂ ಕಬ್ಬಿಣದ ಚೂರಿನಿಂದ ಮಾತ್ರ ಪರೀಕ್ಷೆ ಮಾಡಬೇಡಿ. ಸ್ಟೇನ್‌ಲೆಸ್ ಚೂರು ಹಿಡಿಯುವುದು ಅದಕ್ಕೆ ಇನ್ನೂ ಕಷ್ಟ. ಈಗ ನಾವು ಪ್ರತಿ ಶಿಫ್ಟ್ ಶುರುವಿಗೆ ಬೆಲ್ಟ್ ನಿಲ್ಲಿಸಿ ಎರಡೂ ಅಂಚಿನ ಮೇಲೆ ಹತ್ತಿ ಬಟ್ಟೆ ಎಳೆಯುತ್ತೇವೆ. ತುಂಡು ತಂತಿ ಇದ್ದರೆ ದಾರ ಸಿಕ್ಕಿಕೊಳ್ಳುತ್ತದೆ. ಓಡುವ ಬೆಲ್ಟಿಗೆ ಮಾತ್ರ ಕೈ ಹಾಕಬೇಡಿ.

ಇನ್ನೊಬ್ಬರು

ಅಯಸ್ಕಾಂತದ ಮಾತು ಬಂತು ಅಂತ ಇದೂ ಇರಲಿ. ಹೊಸ ಬೆಲ್ಟಿಗೆ ಅಯಸ್ಕಾಂತ ಹಿಡಿದು, ಸ್ವಲ್ಪ ಅಂಟಿತು, ಇದು ಡೂಪ್ಲಿಕೇಟ್ ಅಂತ ಜಗಳಕ್ಕೆ ಹೋಗಬೇಡಿ. 304 ಅನ್ನು ತಣ್ಣಗೆ ಎಳೆದು ತಂತಿ ಮಾಡಿದರೆ ಅದೂ ಸ್ವಲ್ಪ ಅಂಟುತ್ತದೆ. ನಾನು ಹಾಗೆ ಜಗಳ ಮಾಡಿ ಮುಖ ಸಪ್ಪೆ ಮಾಡಿಕೊಂಡು ಬಂದವನು. ಸಂಶಯ ಇದ್ದರೆ ಲ್ಯಾಬಿಗೆ ಒಂದು ತುಂಡು ಕೊಡಿ.

ಪ್ರಶ್ನೆ ಕೇಳಿದವರು, ಹತ್ತು ದಿನದ ಮೇಲೆ

ಸೀಮೆಸುಣ್ಣ ಹಾಕಿದೆವು. ಎಲ್ಲ ನಂಬರೂ ಒಂದೇ ಕಡೆ ಸರಿದವು, ಕೆಳಗೆ ವಾಪಸ್ ಬರುವ ದಾರಿಯ ಮೂರನೇ ರೋಲರ್ ಹತ್ತಿರ. ಬಿಚ್ಚಿ ನೋಡಿದರೆ ರೋಲರಿನ ಎಡ ತುದಿಯಲ್ಲಿ ಸಕ್ಕರೆ, ರಸ್ಕ್ ಪುಡಿ ಸುಟ್ಟು ಕಲ್ಲಿನ ಹಾಗೆ ಅಂಟಿತ್ತು. ಬೇರಿಂಗ್ ಕೂಡ ಹಿಡಿದುಕೊಂಡು ನಿಂತಿತ್ತು. ಕೆರೆದು, ಬೇರಿಂಗ್ ಬದಲಾಯಿಸಿ, ಸ್ಕ್ರೂ ಸಡಿಲಿಸಿದೆವು. ಈಗ ನಡುವೆಯೇ ಓಡುತ್ತಿದೆ. ಒಂದು ಬೇರಿಂಗಿನ ದುಡ್ಡಲ್ಲಿ ಮುಗಿಯಿತು ಅಂತ ಖುಷಿ ಪಟ್ಟೆ. ಆದರೆ ಅಂಚು ಹಾಳಾದ ಎರಡು ಮೀಟರ್ ಇದೆಯಲ್ಲ, ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತಿದೆ. ಅಷ್ಟನ್ನೇ ಬದಲಾಯಿಸಬಹುದಾ?

ಬಿಸ್ಕತ್ ಕಾರ್ಖಾನೆಯ ಮೇಂಟೆನೆನ್ಸ್‌ನವರು

ಬದಲಾಯಿಸಬಹುದು. ಅಡ್ಡ ಕಡ್ಡಿ ಎಳೆದರೆ ಬೆಲ್ಟ್ ಎರಡಾಗುತ್ತದೆ, ಹೊಸ ತುಂಡು ನಡುವೆ ಇಟ್ಟು ಹೊಸ ಕಡ್ಡಿ ಹಾಕಿ ಅಂಚು ವೆಲ್ಡ್ ಮಾಡಬೇಕು. ಆರ್ಡರ್ ಮಾಡುವಾಗ ಬೆಲ್ಟಿನ ಅಗಲ, ಸುರುಳಿ ತಂತಿಯ ದಪ್ಪ, ಕಡ್ಡಿಯ ದಪ್ಪ, ಎರಡರ ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ, ಒಂದು ಕಡ್ಡಿಯಿಂದ ಮುಂದಿನ ಕಡ್ಡಿಗೆ ಇರುವ ದೂರ) ಕೊಡಿ. ಪಿಚ್ ಅಳೆಯುವಾಗ ಒಂದು ಕಣ್ಣು ಅಳೆಯಬೇಡಿ. ಹತ್ತು ಅಳೆದು ಹತ್ತರಿಂದ ಭಾಗಿಸಿ. ಹಾಳಾಗದ ಭಾಗದಲ್ಲಿ ಅಳೆಯಿರಿ.

ಹಾಕಿದ ದಿನವೇ ಮಾಲು ಬಿಡಬೇಡಿ. ಒಂದು ಶಿಫ್ಟ್ ತಣ್ಣಗೆ ಖಾಲಿ ಓಡಲಿ. ಆಮೇಲೆ ಬಿಸಿಯನ್ನು ಹಂತ ಹಂತವಾಗಿ ಏರಿಸಿ, ಆಗಲೂ ಖಾಲಿ. ಮೊದಲ ಟ್ರೇ ಬಿಡುವ ಮುಂಚೆ ಮತ್ತೊಮ್ಮೆ ಬಟ್ಟೆ ಎಳೆಯಿರಿ. ಮೂರನೇ ರೋಲರನ್ನು ವಾರಕ್ಕೊಮ್ಮೆ ಕೆರೆಯಲು ಒಬ್ಬ ಹುಡುಗನಿಗೆ ಹೇಳಿ, ಸ್ಪ್ಯಾನರ್ ಕೊಡದೆ.