ಎರಡು ವರ್ಷದ ಆರ್ಟ್ಸ್ ಡಿಗ್ರಿ ಮಾಡಿ ಯೂನಿವರ್ಸಿಟಿಗೆ: ಕ್ಯಾಲಿಫೋರ್ನಿಯಾದ ಅಪ್ಪ-ಅಮ್ಮಂದಿರಿಗೆ

ಮಗಳಿಗೆ ಸೈಕಾಲಜಿ ಓದುವ ಆಸೆ, ಆದರೆ ಕಮ್ಯೂನಿಟಿ ಕಾಲೇಜಿಗೆ (ಮೊದಲ ಎರಡು ವರ್ಷ ಓದುವ ಸರ್ಕಾರಿ ಕಾಲೇಜು) ಸೇರಿಸಿದರೆ ನಾಲ್ಕು ಜನ ಏನಂತಾರೋ ಅಂತ ಬರೆದಿದ್ದೀರಿ. ಅಕ್ಕಾ, ಜನರ ಮಾತು ಬಿಡಿ. ನಮ್ಮ ಮಗ ಡಿ ಆಂಜಾ ಅನ್ನೋ ಕಮ್ಯೂನಿಟಿ ಕಾಲೇಜಿನಲ್ಲಿ ಓದಿಯೇ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಡೇವಿಸ್‌ಗೆ ಹೋದ. ಅಲ್ಲೇ ನಾಲ್ಕು ವರ್ಷ ಓದಿದವರಿಗೆ ಸಿಗುವ ಡಿಗ್ರಿಯೇ ಅವನಿಗೂ ಸಿಕ್ಕಿದ್ದು. ನಮ್ಮೂರಲ್ಲಿ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷದ ಬಿ.ಇ.ಗೆ ಸೇರುತ್ತಾರಲ್ಲ, ಹಾಗೇ ಇಲ್ಲಿ ಮೂರನೇ ವರ್ಷಕ್ಕೆ ಸೇರುತ್ತಾರೆ.

ತಲೆ ಕೆಡಿಸಿಕೊಳ್ಳಬೇಕಾದ್ದು ಅವಳು ಯಾವ ಕೋರ್ಸ್ ತಗೊಳ್ತಾಳೆ ಅನ್ನೋದಕ್ಕೆ. ಆರ್ಟ್ಸ್‌ನಲ್ಲಿ ಸಾದಾ ಎಎ (ಎರಡು ವರ್ಷದ ಅಸೋಸಿಯೇಟ್ ಡಿಗ್ರಿ) ಅಂತ ಒಂದಿದೆ, ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗೋದಕ್ಕೆ ಅಂತಲೇ ಇರುವ ಎಎ-ಟಿ ಇನ್ನೊಂದಿದೆ. ನಿಮಗೆ ಬೇಕಾದ್ದು ಎರಡನೆಯದು. 2010ರ ರಾಜ್ಯ ಕಾನೂನಿನಿಂದ ಬಂದದ್ದು. ಅದನ್ನು ಮುಗಿಸಿದವರಿಗೆ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳಲ್ಲಿ (ಯುಸಿ ಅಲ್ಲದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಗುಂಪು) ಎಲ್ಲಾದರೂ ಒಂದು ಕಡೆ ಮೂರನೇ ವರ್ಷಕ್ಕೆ ಸೀಟು ಖಾತ್ರಿ. ಅದೇ ವಿಷಯ ಮುಂದುವರಿಸಿದರೆ ಇನ್ನು 60 ಸೆಮಿಸ್ಟರ್ ಯೂನಿಟ್‌ಗೆ, ಅಂದರೆ ಸುಮಾರು ಎರಡು ವರ್ಷದ ಕ್ರೆಡಿಟ್‌ಗೆ, ಬಿಎ ಮುಗಿಯುತ್ತದೆ. ಆದರೆ ಮನೆ ಹತ್ತಿರದ ಸ್ಯಾನ್ ಹೊಸೆ ಸ್ಟೇಟೇ ಬೇಕು ಅಂದ್ರೆ ಆ ಖಾತ್ರಿ ಇಲ್ಲ.

ಯುಸಿ ಲೆಕ್ಕ ಬೇರೆ. ಅವರು ಎರಡು ವರ್ಷದ ಡಿಗ್ರಿ ಇರಲೇಬೇಕು ಅನ್ನೋದಿಲ್ಲ. ಯೂನಿಟ್, ಕೋರ್ಸ್, ಜಿಪಿಎ ನೋಡುತ್ತಾರೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅಂತ ಒಂದು ವ್ಯವಸ್ಥೆ ಇದೆ. ಅವರು ಕೇಳಿದ್ದೆಲ್ಲ ಇದ್ದರೆ ಸೀಟು ಕೊಟ್ಟೇ ಕೊಡುತ್ತಾರೆ. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಅದೂ ಸೇರುವ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ. ಯುಸಿಯವೇ ಆದ ಬರ್ಕ್ಲಿ, ಯುಸಿಎಲ್‌ಎ (ಲಾಸ್ ಏಂಜಲೀಸ್), ಸ್ಯಾನ್ ಡಿಯಾಗೊ ಈ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಎಲ್ಲರ ಹಾಗೆ ಅರ್ಜಿ ಹಾಕಿ ಕಾಯಬೇಕು.

ಮೊದಲ ಕ್ವಾರ್ಟರ್‌ಗೆ (ಡಿ ಆಂಜಾದಲ್ಲಿ ಸೆಮಿಸ್ಟರ್ ಬದಲು ಇರುವ ಸುಮಾರು ಮೂರು ತಿಂಗಳ ಅವಧಿ) ಹೆಸರು ನೋಂದಾಯಿಸುವ ಮುಂಚೆಯೇ ಮಗಳ ಜೊತೆ ಕೂತು ಅಸಿಸ್ಟ್ ಡಾಟ್ ಆರ್ಗ್ (assist.org) ವೆಬ್‌ಸೈಟ್ ನೋಡಿ. ಓದುವ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ವಿಷಯ ಮೂರನ್ನೂ ಕೊಟ್ಟರೆ ಒಂದು ಪುಟ ಬರುತ್ತದೆ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸ್, ಬಲಗಡೆ ಅದಕ್ಕೆ ಸಮನಾಗಿ ನಿಮ್ಮ ಕಾಲೇಜಿನಲ್ಲಿರುವ ಕೋರ್ಸ್. ಕೆಲವು ಕಡೆ ಬಲಗಡೆ ಸಮನಾದ ಕೋರ್ಸ್ ಇಲ್ಲ ಅಂತ ಬರೆದಿರುತ್ತದೆ. ಅಂಥದ್ದು ಕಂಡರೆ ಕೌನ್ಸೆಲರ್ ಹತ್ತಿರ ಕೇಳಿ, ಪಕ್ಕದ ಕಾಲೇಜಿನಲ್ಲಿ ಸಿಗಬಹುದು. ಸೈಕಾಲಜಿಗೆ ಸ್ಟಾಟಿಸ್ಟಿಕ್ಸ್ ಹೆಚ್ಚೂಕಮ್ಮಿ ಎಲ್ಲ ಕಡೆಯೂ ಕೇಳುತ್ತಾರೆ. ಆರ್ಟ್ಸ್ ಅಲ್ವಾ, ಗಣಿತ ಯಾಕೆ ಅಂತ ಮುಂದಕ್ಕೆ ಹಾಕೋದು ಬೇಡ. ಮಕ್ಕಳ ಒಂದು ವರ್ಷ ಸುಮ್ನೆ ಕಳೆದುಹೋಗೋದು ಇಂಥ ಒಂದೇ ಒಂದು ಕೋರ್ಸಿನಿಂದ.

ಖರ್ಚಿನ ವಿಷಯಕ್ಕೆ ಬಂದರೆ, ರಾಜ್ಯದ ನಿವಾಸಿಗಳಿಗೆ ಡಿ ಆಂಜಾದಲ್ಲಿ ಒಂದು ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. ಎರಡು ವರ್ಷದ ಡಿಗ್ರಿಗೆ ಬೇಕಾದ 90 ಕ್ವಾರ್ಟರ್ ಯೂನಿಟ್‌ಗೆ 2,790 ಡಾಲರ್ ಆಯಿತು. ಪುಸ್ತಕ, ಸಣ್ಣಪುಟ್ಟ ಫೀಸು ಬೇರೆ.

ಇನ್ನೊಂದು ಮಾತು, ನೀವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲೇ ಇದ್ದರೆ ಮಾತ್ರ. ನಿಮ್ಮ ವೀಸಾದ ಮೇಲೆ ಮಗಳಿಗೆ ಸಿಕ್ಕಿರುವ ಎಚ್-4 ವೀಸಾ ಅವಳಿಗೆ 21 ತುಂಬುವಾಗ ಮುಗಿಯುತ್ತದೆ. ಹದಿನೆಂಟಕ್ಕೆ ಕಾಲೇಜು ಸೇರಿದರೆ ಅದು ಸರಿಯಾಗಿ ಯೂನಿವರ್ಸಿಟಿಗೆ ಹೋದ ಹೊಸತರಲ್ಲೇ ಬೀಳುತ್ತದೆ. ಆಮೇಲೆ ಯಾವ ವೀಸಾ, ಫೀಸು ನಿವಾಸಿಗಳದ್ದೇ ಉಳಿಯುತ್ತದಾ ಅನ್ನೋದನ್ನು ವಕೀಲರ ಹತ್ತಿರ, ಆ ಯೂನಿವರ್ಸಿಟಿಯ ಆಫೀಸಿನಲ್ಲಿ ಈಗಲೇ ಕೇಳಿಡಿ. ಅವಳಿಗೆ ಈಗ ಎಷ್ಟು ವಯಸ್ಸು, ಯಾವ ಊರು ಅವಳ ಮನಸ್ಸಿನಲ್ಲಿದೆ ಅಂತ ತಿಳಿಸಿ ಅಕ್ಕಾ. ಅಸಿಸ್ಟ್‌ನ ಆ ಪುಟವನ್ನು ನಾನೂ ನಿಮ್ಮ ಜೊತೆ ಕೂತು ನೋಡುತ್ತೇನೆ.