ಸಹಾಯ ಬೇಕು: ಪಂಜು ಹಿಡಿದ ಹೆಂಗಸರ ಬಗ್ಗೆ ಕನ್ನಡದಲ್ಲಿ ಏನಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯವಳು. ಮಾರ್ಚ್ 8ಕ್ಕೆ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಅರ್ಧ ಗಂಟೆ ಮಾತಾಡಬೇಕು. ಪ್ರತಿ ವರ್ಷದ ರಂಗೋಲಿ ಸ್ಪರ್ಧೆ ಸಾಕಾಗಿದೆ. ಬಂದೂಕುಗಳ ನಡುವೆ ಬೀದಿಗಿಳಿದ ಹೆಂಗಸರ ವಿಷಯ ಹೇಳೋಣ ಅಂದುಕೊಂಡಿದ್ದೇನೆ.

ಮಣಿಪುರದ ಮೈರಾ ಪೈಬಿ ಅಂದರೆ ಪಂಜು ಹಿಡಿದವರು. 1970ರ ದಶಕದಲ್ಲಿ ಅವರ ಹೋರಾಟ ಶುರುವಾಗಿದ್ದು ಕುಡಿತದ ವಿರುದ್ಧ. ಆಮೇಲೆ ಸೈನಿಕರು ಊರ ಹುಡುಗರನ್ನು ಹಿಡಿದುಕೊಂಡು ಹೋಗದಂತೆ ರಾತ್ರಿಯೆಲ್ಲ ಕಾವಲು ನಿಂತರು. ಸಾರಾಯಿ ಅಂಗಡಿ ಮುಚ್ಚಿಸಲು ಓಡಾಡಿದ ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತೆ, ಅಲ್ವಾ?

ಆಫ್ರಿಕಾದ ಲೈಬೀರಿಯಾ ದೇಶದ್ದು ಇನ್ನೊಂದು. ಅಲ್ಲಿ ಅಂತರ್ಯುದ್ಧ ನಡೀತಿತ್ತು. 2003ರಲ್ಲಿ ಅದು ನಿಲ್ಲಲಿ ಅಂತ ಕ್ರೈಸ್ತ, ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ತೊಟ್ಟು ಮೀನು ಮಾರುಕಟ್ಟೆ ಹತ್ತಿರ ದಿನವೂ ಕೂತರು. ಘಾನಾ ದೇಶದಲ್ಲಿ ನಡೆದ ಶಾಂತಿ ಸಂಧಾನ ಸುಮ್ನೆ ಎಳೆದಾಡಿದಾಗ ಬಾಗಿಲಿಗೇ ಅಡ್ಡ ಕೂತರು! ಯುದ್ಧ ನಿಂತ ಮೇಲೂ ಮನೆಗೆ ಹೋಗಲಿಲ್ಲ, 2005ರ ಚುನಾವಣೆಗೆ ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರು ಸೇರಿಸಲು ಓಡಾಡಿದರು. ಅವರ ಮುಂದಾಳು ಲೇಮಾ ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನನಗೆ ಸಿಕ್ಕಿದ್ದೆಲ್ಲ ಇಂಗ್ಲಿಷ್‌ನಲ್ಲಿದೆ. ಕನ್ನಡ ಲೇಖನ ಇದ್ದರೆ ಕಳಿಸಿ. ನರಸಾಪುರ ಕಡೆ ಕೆಲಸ ಮಾಡುವ ಮಣಿಪುರದ ಹೆಣ್ಣುಮಕ್ಕಳು ಯಾರಿಗಾದರೂ ಪರಿಚಯವಾ? ಹತ್ತು ನಿಮಿಷ ಬಂದು ಮಾತಾಡಿದರೂ ಸಾಕು. ಹೋಗಿಬರುವ ಖರ್ಚು, ಊಟ ನಮ್ಮದು. ಒಂದು ದಿನಕ್ಕೆ ಪ್ರೊಜೆಕ್ಟರ್ ಕೂಡ ಬೇಕು.