ಆನೆಯ ಪ್ರತಿಕೃತಿಯನ್ನು ವಿಮರ್ಶಿಸುವಾಗ ಮೊದಲು ಏನನ್ನು ನೋಡಬೇಕು?

ಪ್ರಶ್ನೆ

ಮಾನ್ಯರೇ, ನಿಜವಾದ ಪ್ರಾಣಿಗಳನ್ನು ಹೋಲುವ ಪ್ಲಾಸ್ಟಿಕ್ ಪ್ರತಿಕೃತಿಗಳನ್ನು ನಾನು ಕೆಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಕಲೆಕ್ಟಾ, ಜರ್ಮನಿಯ ಶ್ಲೈಕ್, ಫ್ರಾನ್ಸಿನ ಪಾಪೊ ಮತ್ತು ಅಮೆರಿಕದ ಸಫಾರಿ ಸಂಸ್ಥೆಗಳ ಬೊಂಬೆಗಳು ನನ್ನ ಕಪಾಟಿನಲ್ಲಿವೆ. ಅವುಗಳಲ್ಲಿ ನಮ್ಮ ಕಾಡುಗಳಲ್ಲಿಯೂ ಇರುವ ಆನೆ, ಹುಲಿ, ಜಿಂಕೆಗಳ ಮೇಲೆ ನನಗೆ ಹೆಚ್ಚಿನ ಒಲವು. ಇವುಗಳನ್ನು ಕುರಿತು ಕನ್ನಡದಲ್ಲಿ ಕ್ರಮಬದ್ಧವಾದ ವಿಮರ್ಶೆಗಳನ್ನು ಬರೆಯಬೇಕೆಂದಿದ್ದೇನೆ. ಆದರೆ ಬರೆಯಲು ಕುಳಿತಾಗಲೆಲ್ಲ ‘ಬಣ್ಣ ಚೆನ್ನಾಗಿದೆ, ಮುಖದಲ್ಲಿ ಜೀವಕಳೆ ಇದೆ’ ಎಂಬುದಕ್ಕಿಂತ ಮುಂದೆ ಹೋಗಲು ಸಾಧ್ಯವಾಗುತ್ತಿಲ್ಲ.

ಒಂದು ಉದಾಹರಣೆಯನ್ನು ಕೊಡುತ್ತೇನೆ. ‘ಏಷ್ಯಾದ ಆನೆ’ ಎಂಬ ಚೀಟಿಯಿದ್ದ ಒಂದು ಪ್ರತಿಕೃತಿಯನ್ನು ಕೊಂಡೆ. ಕಿವಿ ಚಿಕ್ಕದಾಗಿಯೇ ಇದೆ, ಆದರೂ ಅದು ನಮ್ಮ ಆನೆಯಂತೆ ಕಾಣುವುದಿಲ್ಲ. ಏಕೆ ಕಾಣುವುದಿಲ್ಲ ಎಂದು ಹೇಳಲು ನನಗೆ ಯಾವ ಮಾನದಂಡವಿರಬೇಕು? ಇದರ ಜೊತೆಗೆ, ಪಕ್ಕಪಕ್ಕದಲ್ಲಿಟ್ಟ ಹುಲಿ ಮತ್ತು ಆನೆಗಳ ಗಾತ್ರ ಹೊಂದುವುದೇ ಇಲ್ಲ. ಇನ್ನು ಹಳೆಯ ಒಂದೆರಡು ಬೊಂಬೆಗಳು ಮುಟ್ಟಿದರೆ ಅಂಟುತ್ತಿವೆ. ಇವನ್ನೂ ವಿಮರ್ಶೆಯಲ್ಲಿ ಸೇರಿಸಬೇಕೆ? ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಮೊದಲ ಉತ್ತರ

ನಿಮ್ಮ ಅನುಮಾನ ಸರಿಯಾದ ದಿಕ್ಕಿನಲ್ಲಿಯೇ ಇದೆ. ಬಣ್ಣವನ್ನು ಕಡೆಗೆ ನೋಡಿ, ಮೊದಲು ಮೈಕಟ್ಟನ್ನು ನೋಡಿ ಎಂಬುದು ನನ್ನ ಸಲಹೆ. ಎಷ್ಟೋ ಶಿಲ್ಪಿಗಳು ಆಫ್ರಿಕಾದ ಆನೆಯ ಒಡಲನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಿವಿಯನ್ನು ಮಾತ್ರ ಕಿರಿದುಗೊಳಿಸಿ ಅದಕ್ಕೆ ಏಷ್ಯಾದ ಆನೆ ಎಂದು ಹೆಸರಿಡುತ್ತಾರೆ; ನೀವು ಕೊಂಡದ್ದೂ ಬಹುಶಃ ಅಂಥದ್ದೇ ಇರಬೇಕು.

ಪ್ರತಿಕೃತಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿರಿ. ನಮ್ಮ ಆನೆಯಲ್ಲಿ ದೇಹದ ಅತಿ ಎತ್ತರದ ಭಾಗ ನೆತ್ತಿ. ಬೆನ್ನು ಕಮಾನಿನಂತೆ ಮೇಲಕ್ಕೆ ಬಾಗಿರುತ್ತದೆ ಅಥವಾ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. ಆಫ್ರಿಕಾದ ಆನೆಯಲ್ಲಿ ಭುಜ ಎತ್ತರ, ನಡುಬೆನ್ನು ತಗ್ಗು. ಇನ್ನು ಎದುರಿನಿಂದ ನೋಡಿದಾಗ ನಮ್ಮ ಕವಿಗಳು ಹಾಡಿ ಹೊಗಳಿದ ಕುಂಭಸ್ಥಳ, ಎಂದರೆ ಹಣೆಯ ಮೇಲಿನ ಎರಡು ಉಬ್ಬುಗಳು ಮತ್ತು ಅವುಗಳ ನಡುವಿನ ತಗ್ಗು, ಸ್ಪಷ್ಟವಾಗಿ ಕಾಣಬೇಕು. ಆಫ್ರಿಕಾದ ಆನೆಯ ನೆತ್ತಿಯಲ್ಲಿ ಈ ಜೋಡಿ ಉಬ್ಬುಗಳಿರುವುದಿಲ್ಲ. ಸೊಂಡಿಲಿನ ತುದಿಯಲ್ಲಿ ಏಷ್ಯಾದ ಆನೆಗೆ ಬೆರಳಿನಂಥ ಒಂದೇ ಚಾಚು, ಆಫ್ರಿಕಾದ್ದಕ್ಕೆ ಎರಡು. ಉಗುರುಗಳನ್ನು ಎಣಿಸಲು ಭೂತಗನ್ನಡಿ ಬೇಕಾದೀತು: ನಮ್ಮ ಆನೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು, ಆಫ್ರಿಕಾದ ಬಯಲು ಆನೆಗೆ ನಾಲ್ಕು ಮತ್ತು ಮೂರು. ಇಷ್ಟು ಸಣ್ಣ ವಿವರವನ್ನು ಸರಿಯಾಗಿ ಕೊರೆದ ಶಿಲ್ಪಿ ಉಳಿದ ಕಡೆಗಳಲ್ಲಿ ಎಡವುವುದು ಕಡಿಮೆ.

ಆಮೇಲೆ ಲಿಂಗ ಮತ್ತು ವಯಸ್ಸುಗಳನ್ನು ಪರೀಕ್ಷಿಸಬೇಕು. ಏಷ್ಯಾದ ಹೆಣ್ಣಾನೆಗೆ ಹೊರಚಾಚಿದ ಉದ್ದನೆಯ ದಂತಗಳಿರುವುದಿಲ್ಲ. ಮುಂಗಾಲುಗಳ ನಡುವೆ ಕೆಚ್ಚಲನ್ನು ತೋರಿಸಿ, ಮುಖಕ್ಕೆ ಸಲಗದ ದಂತಗಳನ್ನು ಜೋಡಿಸಿದ ಬೊಂಬೆಗೆ ನಾನು ನಿರ್ದಾಕ್ಷಿಣ್ಯವಾಗಿ ಅಂಕ ಕಳೆಯುತ್ತೇನೆ. ದಂತವಿಲ್ಲದ ಗಂಡು ಮಾತ್ರ ತಪ್ಪಲ್ಲ. ಅಂಥ ಮಖನಾ ಆನೆಗಳು ನಿಜವಾಗಿಯೂ ಇವೆ. ಭಂಗಿಯ ವಿಷಯದಲ್ಲಿ ನೆನಪಿಡಬೇಕಾದದ್ದೆಂದರೆ, ಆನೆ ಎಷ್ಟೇ ವೇಗವಾಗಿ ಹೋದರೂ ಕುದುರೆಯಂತೆ ನಾಲ್ಕು ಕಾಲುಗಳನ್ನೂ ಒಮ್ಮೆಗೇ ನೆಲದಿಂದ ಎತ್ತಿ ನೆಗೆಯುವುದಿಲ್ಲ. ನಾಗಾಲೋಟದಲ್ಲಿ ನಿಲ್ಲಿಸಿದ ಬೊಂಬೆ ಮಕ್ಕಳಿಗೆ ಇಷ್ಟವಾಗಬಹುದು, ಆನೆಯ ನಡಿಗೆ ಅದಲ್ಲ.

ಬಣ್ಣಕ್ಕೆ ಬಂದರೆ, ವಯಸ್ಸಾದ ಏಷ್ಯಾದ ಆನೆಯ ಕಿವಿಯಂಚು ಮತ್ತು ಸೊಂಡಿಲಿನ ಬುಡದಲ್ಲಿ ವರ್ಣಕಣಗಳು ಕಡಿಮೆಯಾಗಿ ಗುಲಾಬಿ ಚುಕ್ಕೆಗಳು ಮೂಡಿರುತ್ತವೆ. ಇದನ್ನು ತೋರಿಸುವುದು ಮೆಚ್ಚತಕ್ಕ ವಿಷಯ. ಆದರೆ ಮರಿಯಾನೆಯ ಮೇಲೂ ಅದೇ ಚುಕ್ಕೆಗಳನ್ನು ಚಿಮುಕಿಸಿದರೆ ಅದು ಅಭ್ಯಾಸಬಲವೇ ಹೊರತು ವೀಕ್ಷಣೆಯಲ್ಲ. ಹುಲಿಯಲ್ಲಿ ಎರಡೂ ಪಕ್ಕದ ಪಟ್ಟೆಗಳು ಒಂದೇ ಅಚ್ಚಿನಂತಿವೆಯೇ ಎಂದು ಪರೀಕ್ಷಿಸಿ. ನಿಜವಾದ ಹುಲಿಯ ಎಡಬಲಗಳ ಪಟ್ಟೆಗಳು ಬೇರೆಬೇರೆಯಾಗಿರುತ್ತವೆ, ಒಂದು ಹುಲಿಯ ವಿನ್ಯಾಸ ಇನ್ನೊಂದಕ್ಕೆ ಇರುವುದಿಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾಗಳನ್ನು ಕಟ್ಟಿ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದು ಈ ಭೇದದ ಆಧಾರದ ಮೇಲೆಯೇ.

ಗಾತ್ರದ ಪ್ರಮಾಣಕ್ಕೆ ಸರಳ ಲೆಕ್ಕವಿದೆ. ವಯಸ್ಕ ಗಂಡಾನೆಯ ಭುಜದ ಎತ್ತರವನ್ನು 275 ಸೆಂ.ಮೀ. ಎಂದಿಟ್ಟುಕೊಳ್ಳಿ, ಬೊಂಬೆಯದು 11 ಸೆಂ.ಮೀ. ಇದ್ದರೆ ಪ್ರಮಾಣ 1:25. ಹುಲಿಯ ಭುಜ ಸುಮಾರು 100 ಸೆಂ.ಮೀ.; ಬೊಂಬೆಯಲ್ಲಿ ಅದು 6.5 ಸೆಂ.ಮೀ. ಇದ್ದರೆ ಪ್ರಮಾಣ ಹೆಚ್ಚುಕಡಿಮೆ 1:15. ಒಂದೇ ಕಪಾಟಿನಲ್ಲಿ ಇವೆರಡು ಹೊಂದದಿರುವುದಕ್ಕೆ ಇದೇ ಕಾರಣ. ಸಂಸ್ಥೆಗಳು ಬೆಲೆ ಮತ್ತು ಪೆಟ್ಟಿಗೆಯ ಗಾತ್ರಕ್ಕೆ ತಕ್ಕಂತೆ ಪ್ರಾಣಿಯನ್ನು ಹಿಗ್ಗಿಸುತ್ತವೆ ಅಥವಾ ಕುಗ್ಗಿಸುತ್ತವೆ. ಆದ್ದರಿಂದ ಪ್ರತಿ ವಿಮರ್ಶೆಯಲ್ಲಿಯೂ ಭುಜದ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆಯಿರಿ; ಸೊಂಡಿಲಿನಿಂದ ಬಾಲದವರೆಗಿನ ಉದ್ದ ಭಂಗಿಯೊಂದಿಗೆ ಬದಲಾಗುವುದರಿಂದ ಅದು ಹೋಲಿಕೆಗೆ ಬರುವುದಿಲ್ಲ.

ಎರಡನೆಯ ಉತ್ತರ

ಅಂಟಿನ ಬಗ್ಗೆ ಮಾತ್ರ ಹೇಳುತ್ತೇನೆ. ನಾನು ಕರಾವಳಿಯವನಾದ್ದರಿಂದ ಈ ಕಾಟ ನನಗೆ ಚೆನ್ನಾಗಿ ಗೊತ್ತು. ಈ ಬೊಂಬೆಗಳಲ್ಲಿ ಬಹುಪಾಲು ಪಿವಿಸಿಯಿಂದ ಆದವು. ಪಿವಿಸಿ ತಾನಾಗಿ ಗಡುಸು ವಸ್ತು. ಅದನ್ನು ಮೆದುವಾಗಿಸಲು ಬೆರೆಸಿದ ದ್ರವ ವರ್ಷಗಳು ಕಳೆದಂತೆ, ಅದರಲ್ಲಿಯೂ ಸೆಖೆಯಲ್ಲಿ, ಮೇಲ್ಮೈಗೆ ಒಸರುತ್ತದೆ. ಅದಕ್ಕೆ ದೂಳು ಅಂಟಿಕೊಂಡು, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಆರಿಸಿ. ಥಿನ್ನರ್ ಮತ್ತು ಸ್ಪಿರಿಟ್‌ಗಳನ್ನು ತಾಗಿಸಲೇಬೇಡಿ, ಬಣ್ಣ ಎದ್ದುಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವುದರಿಂದ ಒಸರಿದ್ದು ಮೈಮೇಲೆಯೇ ಉಳಿದು ಸಮಸ್ಯೆ ಹೆಚ್ಚುತ್ತದೆ. ಒಂದನ್ನೊಂದು ತಾಗದಂತೆ, ಬಿಸಿಲು ಬೀಳದಂತೆ ನಿಲ್ಲಿಸಿದರೆ ಸಾಕು. ಕಾಲು ಬಾಗಿ ಬೊಂಬೆ ವಾಲುತ್ತಿದ್ದರೆ ಆ ಕಾಲನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಹಿಡಿದು, ಕೂಡಲೇ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ.

ಇದನ್ನು ವಿಮರ್ಶೆಯಲ್ಲಿ ಸೇರಿಸಲೇಬೇಕು, ಆದರೆ ಹೊಸ ಬೊಂಬೆಯನ್ನು ಪೆಟ್ಟಿಗೆಯಿಂದ ತೆಗೆದ ದಿನವೇ ಬರೆದರೆ ಇದು ತಿಳಿಯುವುದಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಅದೇ ವಿಮರ್ಶೆಗೆ ಒಂದು ಟಿಪ್ಪಣಿಯನ್ನು ಸೇರಿಸುವುದು ಓದುಗರಿಗೆ ಹೆಚ್ಚು ಉಪಕಾರಿ. ಬೆಲೆಯನ್ನು ಬರೆಯುವಾಗ ಕೊಂಡ ವರ್ಷವನ್ನೂ ನಮೂದಿಸಿ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಐಎಸ್ಐ ಗುರುತೂ ಕಡ್ಡಾಯವಾಯಿತು. ಆದ್ದರಿಂದ ಹಳೆಯ ಬೆಲೆಯನ್ನು ಇಂದಿನದರೊಂದಿಗೆ ಹೋಲಿಸಿ ‘ದುಬಾರಿ’ ಎಂದು ತೀರ್ಪು ಕೊಡುವುದು ತಯಾರಕರಿಗೆ ಮಾಡುವ ಅನ್ಯಾಯ.

ಮೂರನೆಯ ಉತ್ತರ

ಮೊದಲು ಉತ್ತರಿಸಿದವರ ಪಾಂಡಿತ್ಯಕ್ಕೆ ನಮಸ್ಕಾರ. ಆದರೂ ಒಂದು ತಕರಾರಿದೆ. ಇವು ಮೊದಲಿಗೆ ಮಕ್ಕಳ ಆಟಿಕೆಗಳು. ದಂತದ ತುದಿ ಮೊಂಡಾಗಿರುವುದು, ಬಾಲ ಹಿಂಗಾಲಿಗೆ ಅಂಟಿಕೊಂಡಿರುವುದು, ಜಿಂಕೆಯ ಕಾಲು ದಪ್ಪವಾಗಿರುವುದು ಬಹುಮಟ್ಟಿಗೆ ಶಿಲ್ಪಿಯ ಅಜ್ಞಾನದಿಂದಲ್ಲ. ಮಗುವಿನ ಕಣ್ಣಿಗೆ ಚುಚ್ಚಬಾರದು, ಅಚ್ಚಿನಿಂದ ಬಿಡಿಸುವಾಗ ಮುರಿಯಬಾರದು, ನಾಲ್ಕು ಕಾಲಿನ ಮೇಲೆ ಬೀಳದೆ ನಿಲ್ಲಬೇಕು ಎಂಬ ಕಾರಣಗಳಿಂದ. ಜಪಾನಿನಲ್ಲಿ 1999ರಲ್ಲಿ ಬಂದ ಚಾಕೊಎಗ್ ಎಂಬ ಮಿಠಾಯಿಯೊಳಗೆ ಕಾಯೊಡೊ ಸಂಸ್ಥೆ ಆ ದೇಶದ ಪ್ರಾಣಿಗಳನ್ನು ಅತಿ ಸೂಕ್ಷ್ಮವಾಗಿ ಮಾಡಿ ಇಟ್ಟಾಗ ದೊಡ್ಡವರೂ ಮುಗಿಬಿದ್ದು ಕೊಂಡರು, ನಿಜ. ಆದರೆ ಆ ಅಳತೆಗೋಲಿನಿಂದ ಮಕ್ಕಳು ಎಳೆದಾಡುವ ಬೊಂಬೆಯನ್ನು ಅಳೆಯಬಾರದು. ತಯಾರಿಕೆಯ ಅನಿವಾರ್ಯಕ್ಕೂ ವೀಕ್ಷಣೆಯ ದೋಷಕ್ಕೂ ಇರುವ ಅಂತರವನ್ನು ವಿಮರ್ಶಕರು ಗುರುತಿಸಬೇಕು. ಕುಂಭಸ್ಥಳವನ್ನು ಬಿಟ್ಟದ್ದು ದೋಷ. ದಂತವನ್ನು ಮೊಂಡಾಗಿಸಿದ್ದು ದೋಷವಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೊಂಬೆಯನ್ನು ಪಕ್ಕದಿಂದ ನೋಡಿದೆ. ಬೆನ್ನು ತಗ್ಗಾಗಿದೆ, ಸೊಂಡಿಲಿನ ತುದಿಯಲ್ಲಿ ಎರಡು ಬೆರಳುಗಳಿವೆ. ಒಂದೇ ಒಂದು ಸಂದೇಹ ಉಳಿದಿದೆ. ಕೆಲವು ಬೊಂಬೆಗಳಿಗೆ ನಾನೇ ಬಣ್ಣ ತಿದ್ದಿದ್ದೇನೆ. ಅವುಗಳನ್ನು ವಿಮರ್ಶಿಸಬಹುದೇ?

ಮೊದಲ ಉತ್ತರ ಬರೆದವರು

ಮೈಕಟ್ಟನ್ನು ಮಾತ್ರ ವಿಮರ್ಶಿಸಬಹುದು. ಬಣ್ಣ ತಿದ್ದಿರುವುದನ್ನು ಮೊದಲ ಸಾಲಿನಲ್ಲಿಯೇ ತಿಳಿಸಿ, ಸಾಧ್ಯವಾದರೆ ತಿದ್ದುವ ಮೊದಲಿನ ಚಿತ್ರವನ್ನೂ ಹಾಕಿರಿ. ಚಿತ್ರಗಳನ್ನು ಕಿಟಕಿಯ ಬಳಿ, ಫ್ಲ್ಯಾಶ್ ಇಲ್ಲದೆ, ಬೊಂಬೆಯ ಕಣ್ಣಿನ ಮಟ್ಟದಿಂದ ತೆಗೆಯಿರಿ. ಮೇಲಿನಿಂದ ತೆಗೆದರೆ ಬೆನ್ನಿನ ಬಾಗು ಕಾಣುವುದಿಲ್ಲ.